ಎಂಟು ಗಂಟೆಯ ಸೀಲು

ಪಾಯಿಂಟು ಕೊಟ್ಟರೆ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ಇದು ನನ್ನ ಅಭಿಪ್ರಾಯವಲ್ಲ, ಉದ್ಯೋಗ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಸದಸ್ಯತ್ವ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಹೆಚ್ಚು ಹಾರಿದವರಿಗೆ ಹೆಚ್ಚು ಪಾಯಿಂಟು. ಪಾಯಿಂಟು ಏರಿದಂತೆ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳು. ಚಿನ್ನದ ದರ್ಜೆ ಕೈತಪ್ಪಬಾರದೆಂದು ಯಾವ ಕೆಲಸವೂ ಇಲ್ಲದೆ ಹುಬ್ಬಳ್ಳಿಗೆ ಹಾರಿ, ಅಲ್ಲೊಂದು ಕಾಫಿ ಕುಡಿದು, ಅದೇ ವಿಮಾನದಲ್ಲಿ ವಾಪಸು ಬಂದ ಮಹನೀಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರನ್ನು 'ಗೌರವಾನ್ವಿತ ಸದಸ್ಯರೇ' ಎಂದು ಕರೆಯುವುದಕ್ಕೆ ನನಗೆ ಸಂಬಳ.

ಹಾಗಿದ್ದ ಮೇಲೆ ದೊಡ್ಡಬಳ್ಳಾಪುರದಲ್ಲಿ, ನಮ್ಮ ಮನೆಯಿಂದ ಎರಡೇ ಬೀದಿ ಆಚೆ ಇಸ್ಪೀಟು ಆಡುತ್ತ ಕೂತ ಅಪ್ಪನನ್ನು ಎಂಟು ಗಂಟೆಗೆ ಊಟಕ್ಕೆ ಕರೆತರುವುದು ಎಷ್ಟರ ಮಾತು? ಎಂ.ಕಾಂ. ಓದಿದವಳು ನಾನು!

ಅಪ್ಪನಿಗೆ ನಾಲ್ಕು ಮಗ್ಗ. ಹಿಂದೆ ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಬೀದಿಯ ಮಗ್ಗದ ಯಜಮಾನರು ಮುನಿರಾಜು ಮಾಮನ ಸೀರೆ ಮಡಿಸುವ ಕೋಣೆಯಲ್ಲಿ ಸೇರಿ, ಕರೆಂಟು ಬರುವವರೆಗೆ ಎಂದು ರಮ್ಮಿ ಆಡುತ್ತಿದ್ದರು. ಕಾಲ ಬದಲಾಯಿತು. ವಿಮಾನ ನಿಲ್ದಾಣ ಬಂತು, ರಸ್ತೆ ಅಗಲವಾಯಿತು, ಕರೆಂಟು ಹೋಗುವುದು ಕಡಿಮೆಯಾಯಿತು. ಆಟ ಮಾತ್ರ ಕಡಿಮೆಯಾಗಲಿಲ್ಲ. ಈಗ ಗೋಡೆಯಾಚೆ ಮಗ್ಗ ಖಟಖಟ ಎನ್ನುತ್ತಿದ್ದರೂ ಇವರು ಕರೆಂಟಿಗೆ ಕಾಯುತ್ತಲೇ ಇದ್ದಾರೆ.

"ಜೂಜಲ್ಲ ಕಣಮ್ಮಾ, ಚಿಲ್ರೆ ಕಾಸಿನ ಟೈಂಪಾಸು," ಎನ್ನುತ್ತಾರೆ ಅಪ್ಪ.

ಆ ಟೈಮು ಯಾರದು ಎಂಬುದೇ ನನ್ನ ತಕರಾರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಎಂಟು ಗಂಟೆಗೆ ಊಟ ಮಾಡಲೇಬೇಕೆಂದು ವೈದ್ಯರು ಹೇಳಿದ್ದಾರೆ. ಅಮ್ಮ ವೈದ್ಯರ ಮೇಲಿನ ಗೌರವಕ್ಕೆ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾಳೆ. ಗಂಡನ ಮೇಲಿನ ಗೌರವಕ್ಕೆ ಊಟವನ್ನು ಮುಂದೂಡುತ್ತಾಳೆ. ಈ ಎರಡು ಗೌರವಗಳ ನಡುವೆ ಅವಳ ಸಕ್ಕರೆ ಇಳಿದು ತಲೆ ತಿರುಗುತ್ತದೆ.

"ನೀನು ಉಂಡ್ಬಿಡಮ್ಮಾ."

"ಅವ್ರು ಬರ್ಲಿ."

"ಅವ್ರು ಬರೋ ಹೊತ್ತಿಗೆ ನೀನು ಬಿದ್ದಿರ್ತೀಯ."

"ಬಿದ್ರೆ ಎತ್ತೋಕೆ ಅವ್ರು ಬರ್ತಾರಲ್ಲ ಬಿಡು."

ಒಂದು ಸಂಜೆ ಬಿದ್ದೇ ಬಿಟ್ಟಳು. ಒಲೆಯ ಮುಂದೆ ಗೋಡೆಗೆ ಒರಗಿ ಹಾಗೇ ಜಾರಿ ಕೂತಳು. ಮೈಯೆಲ್ಲ ಬೆವರು, ಕೈಯಲ್ಲಿ ಸೌಟು. ನಾನು ಬಾಯಿಗೆ ಸಕ್ಕರೆ ಹಾಕಿ, ಗಾಳಿ ಬೀಸಿ, ಅವಳು ಕಣ್ಣು ಬಿಟ್ಟ ಮೇಲೆ ಅಪ್ಪ ಬಂದರು. ಬಾಗಿಲಲ್ಲೇ ನಿಂತು ಹೇಳಿದರು: "ಕೈಲಿ ಜೋಕರ್ ಇತ್ತು ಕಣಮ್ಮಾ, ಹೆಂಗೆ ಎದ್ದು ಬರೋದು?"

ನಾನು ಕೂಗಾಡುವವಳಲ್ಲ. ನನಗೆ ಸಿಟ್ಟು ಬಂದರೆ ನಿಯಮ ಬರೆಯುತ್ತೇನೆ.

ಹೀಗೆ ಹುಟ್ಟಿದ್ದು 'ಮಿತ ಆಟ ಸದಸ್ಯತ್ವ ಯೋಜನೆ'. ಲಗ್ನಪತ್ರಿಕೆಯ ಅಂಗಡಿಯಲ್ಲಿ ಹಳದಿ ಕಾರ್ಡು ಮಾಡಿಸಿದೆ. ಎಂಟು ಗಂಟೆಯೊಳಗೆ ಇಸ್ಪೀಟೆಲೆ ಕೆಳಗಿಟ್ಟು ಎದ್ದವರ ಕಾರ್ಡಿಗೆ ಒಂದು ಸೀಲು. ಸೀಲು ಕೂಡಿದಂತೆ ದರ್ಜೆ. ಬೆಳ್ಳಿಯವರಿಗೆ ನನ್ನ ಖರ್ಚಿನಲ್ಲಿ ಮೆಣಸಿನಕಾಯಿ ಬಜ್ಜಿ. ಚಿನ್ನದವರಿಗೆ ಆ ಕೋಣೆಯಲ್ಲಿರುವ ಏಕೈಕ ಕೈಯುಳ್ಳ ಕುರ್ಚಿ. ಪ್ಲಾಟಿನಂನವರಿಗೆ ಎಲೆ ಕತ್ತರಿಸುವ ಮೊದಲ ಹಕ್ಕು. ಇನ್ನುಳಿದ ಷರತ್ತುಗಳನ್ನು ನಮ್ಮ ಕಂಪನಿಯ ಕಿರುಹೊತ್ತಿಗೆಯಿಂದ ಎತ್ತಿಕೊಂಡೆ. ದೊಡ್ಡವರು ಯೋಚಿಸಿ ಬರೆದದ್ದಲ್ಲವೇ! ಸೀಲು ಮಾತ್ರ ಅಪ್ಪನದೇ, ಸೀರೆಯ ಡಬ್ಬಿಗಳ ಮೇಲೆ ಒತ್ತುವ 'ಮಾಲು ಪರೀಕ್ಷಿಸಲಾಗಿದೆ'.

ಮುನಿರಾಜು ಮಾಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಂದ್ರೆ ಆಡೋದಕ್ಕಲ್ಲ, ಎದ್ದು ಹೋಗೋದಕ್ಕೆ ಬಹುಮಾನ?"

"ಹೌದು ಮಾಮ."

"ಏನಪ್ಪಾ ಇದು, ಓದಿದ್ರೆ ಹಿಂಗೆಲ್ಲ ಹೊಳೆಯುತ್ತಾ!" ಎಂದರು. ಅದನ್ನು ನಾನು ಹೊಗಳಿಕೆ ಎಂದೇ ಸ್ವೀಕರಿಸಿದೆ.

ಒಂದು ತೊಂದರೆ ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ. ಸೀಲು ಒತ್ತಲು ಯಾರಾದರೂ ಬೇಕು. ಬಸ್ಸಿನಲ್ಲಿ ಪಕ್ಕದವರಿಗೆ ಸಮಯ ಹೇಳುವುದಕ್ಕೂ ಸಂಕೋಚಪಡುವ ನಾನು ಪ್ರತಿ ಸಂಜೆ ಕೆಲಸ ಮುಗಿಸಿ ಬಂದು, ಇಸ್ಪೀಟಿನ ಕೋಣೆಯ ಬಾಗಿಲಲ್ಲಿ ಇಂಕಿನ ಡಬ್ಬಿ ಹಿಡಿದು ನಿಲ್ಲಬೇಕಾಯಿತು! ಹಾದುಹೋಗುವ ಹೆಂಗಸರು ನನ್ನನ್ನು ನೋಡಿ, ಒಳಗೆ ನೋಡಿ, ಸೆರಗು ಸರಿಮಾಡಿಕೊಂಡು ನಡೆದರು.

ಆದರೆ ಯೋಜನೆ ಗೆದ್ದಿತು. ಮೊದಲ ದಿನವೇ ಎಲ್ಲರೂ ಎದ್ದರು. ಶಾಲೆಯ ಮಕ್ಕಳಂತೆ ಸಾಲಾಗಿ ನಿಂತು ಸೀಲು ಹಾಕಿಸಿಕೊಂಡರು. ಅಪ್ಪ ನನ್ನ ಜೊತೆಯಲ್ಲೇ ಬಂದು ಉಂಡರು. ಅಮ್ಮನೂ ಉಂಡಳು. ನಾನು ಎರಡನೆಯ ಸಲ ಸಾರು ಹಾಕಿಸಿಕೊಂಡೆ. ಇಂಥ ಸುಲಭ ಉಪಾಯ ಈ ದೇಶಕ್ಕೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ದೇಶದ ಬಗ್ಗೆ ಮರುಕವಾಯಿತು.

ಕೆಲವೇ ದಿನಗಳಲ್ಲಿ ಸತ್ಯ ತಿಳಿಯಿತು. ಅಪ್ಪನೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸೀಲು ಹಾಕಿಸಿಕೊಂಡು, ಮೂಲೆಯ ಅಂಗಡಿಯಲ್ಲಿ ಟೀ ಕುಡಿದು, ನಾನು ತಿರುವು ದಾಟಿದ ಕೂಡಲೇ ಒಳಗೆ ಬಂದು ಕೂರುತ್ತಿದ್ದರು. ಊಟವಾದ ಮೇಲೆ 'ಸ್ವಲ್ಪ ಗಾಳಿಗೆ' ಹೋಗುತ್ತಿದ್ದ ಅಪ್ಪನ ಗಾಳಿಯೂ ಅದೇ ದಿಕ್ಕಿಗೆ ಬೀಸುತ್ತಿತ್ತು.

"ಇದು ಮೋಸ ಅಲ್ವಾ ಮಾಮ?"

"ಎದ್ದು ಹೋದ್ರೆ ಸೀಲು ಅಂತ ಬರ್ದಿದೀಯ. ಎದ್ವಿ, ಹೋದ್ವಿ. ವಾಪಸ್ ಬರಬಾರ್ದು ಅಂತ ಎಲ್ಲಮ್ಮಾ ಬರ್ದಿದೀಯ?"

ಬರೆದಿರಲಿಲ್ಲ. ಬರೆದೆ. 'ಮರುಪ್ರವೇಶ ಸಲ್ಲದು.' ಮರುದಿನದಿಂದ ಅವರು ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ ಆಟಕ್ಕೆ ಕೂತರು. ಎಂಟಕ್ಕೆ ಏಳಬೇಕಾದರೆ ಬೇಗ ಶುರುಮಾಡುವುದು ನ್ಯಾಯವಂತೆ! ನಮ್ಮ ಮಗ್ಗದಲ್ಲಿ ನೂಲು ಹರಿದರೆ ಹೇಳುವವರು ಕೇಳುವವರು ಇಲ್ಲ. 'ಆರಕ್ಕೆ ಮುಂಚೆ ಆಟ ಸಲ್ಲದು' ಎಂದು ಇನ್ನೊಂದು ತಿದ್ದುಪಡಿ ಹಾಕಿದೆ.

ಅಷ್ಟರಲ್ಲಿ ರಂಗಪ್ಪ ಮೇಷ್ಟ್ರು ಬಂದರು. ನನಗೆ ಏಳನೆಯ ತರಗತಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಜೀವಮಾನದಲ್ಲಿ ಎಲೆ ಮುಟ್ಟಿದವರಲ್ಲ.

"ಸಾರ್, ನೀವು ಇಲ್ಲಿ?"

"ಎದ್ದು ಹೋಗೋದಕ್ಕೆ ಸೀಲು ಕೊಡ್ತೀಯಂತೆ. ಏಳ್ಬೇಕು ಅಂದ್ರೆ ಮೊದ್ಲು ಕೂರ್ಬೇಕಲ್ಲಮ್ಮಾ?"

ತರ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಅವರ ಹಿಂದೆಯೇ ಇನ್ನೂ ಹಲವರು ಬಂದರು. ಬಜ್ಜಿಯ ಆಸೆಗೆ ಕೆಲವರು, ಕುರ್ಚಿಯ ಆಸೆಗೆ ಕೆಲವರು. ಚಾಪೆ ಸಾಲದೆ ಸೀರೆ ಸುತ್ತುವ ರಟ್ಟು ಹಾಸಿದರು. ಜೂಜು ಕಡಿಮೆ ಮಾಡಲು ಹೊರಟ ನಾನು ದೊಡ್ಡಬಳ್ಳಾಪುರಕ್ಕೆ ಒಂದು ತಂಡ ಹೊಸ ಜೂಜುಗಾರರನ್ನು ಕಾಣಿಕೆಯಾಗಿ ಕೊಟ್ಟಿದ್ದೆ! ನಮ್ಮ ಕಂಪನಿಯಲ್ಲಾದರೆ ಇಂಥ ಬೆಳವಣಿಗೆಗೆ ಕೇಕು ಕತ್ತರಿಸುತ್ತಾರೆ. ನನಗೆ ಮೈ ಉರಿಯಿತು. ದಿನಕ್ಕೊಬ್ಬರು ಬಂದು 'ಈ ನಿಯಮ ಹೀಗೆ ತಿದ್ದು, ಆ ನಿಯಮ ಹಾಗೆ ತಿದ್ದು' ಎನ್ನುವುದು ಸಾಕಾಗಿ, ಕಾರ್ಡಿನ ಕೊನೆಗೆ ದಪ್ಪಕ್ಷರದಲ್ಲಿ ಸೇರಿಸಿದೆ: 'ಇನ್ನು ಮುಂದೆ ಯಾವುದೇ ತಿದ್ದುಪಡಿಗೆ ಅವಕಾಶವಿಲ್ಲ.'

ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿಕೊಂಡ ವಾಕ್ಯ ಅದು.

ಮಾರನೆಯ ವಾರ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಅಪ್ಪನ ದನಿ ಕೇಳಿತು. "ನಂದು ಎರಡು ಸೀಲು."

"ನಂದು ಮೂರು," ಎಂದರು ಮೇಷ್ಟ್ರು.

ಬಗ್ಗಿ ನೋಡಿದೆ. ನೂಲು ಕತ್ತರಿಸುವ ಕತ್ತರಿಯಿಂದ ಹಳದಿ ಕಾರ್ಡುಗಳನ್ನು ಸೀಲು ಸೀಲಾಗಿ ತುಂಡರಿಸಿ ನಡುವೆ ಗುಡ್ಡೆ ಹಾಕಿದ್ದರು. ಚಿಲ್ಲರೆ ಕಾಸು ಒಂದೂ ಇಲ್ಲ. ಎಲ್ಲರ ಮುಂದೆಯೂ 'ಮಾಲು ಪರೀಕ್ಷಿಸಲಾಗಿದೆ'!

"ಮಾಮ! ಸೀಲನ್ನೇ ಪಣ ಇಡ್ತಿದೀರಾ?"

"ಪಣ ಅಲ್ಲ ಕಣಮ್ಮಾ. ನೀನೇ ಬರ್ದಿದೀಯಲ್ಲ, ಸದಸ್ಯರು ಪಾಯಿಂಟನ್ನ ಇನ್ನೊಬ್ರಿಗೆ ವರ್ಗಾಯಿಸಬಹುದು ಅಂತ. ವರ್ಗಾಯಿಸ್ತಾ ಇದೀವಿ."

ಕಂಪನಿಯ ಕಿರುಹೊತ್ತಿಗೆಯ ಆ ಷರತ್ತನ್ನು ನಾನು ಓದದೆಯೇ ಎತ್ತಿಕೊಂಡಿದ್ದೆ. ಅಳಿಸೋಣವೆಂದರೆ ತಿದ್ದುಪಡಿಗೆ ಅವಕಾಶವಿಲ್ಲ. ಯಾರು ಹೇಳಿದ್ದು? ನಾನೇ!

ಆ ವಾರದ ಶುಕ್ರವಾರ ನಾನು ಕೆಲಸದಿಂದ ತಡವಾಗಿ ನೇರ ಮನೆಗೇ ಬಂದೆ. ಎಂಟಾದರೂ ಅಪ್ಪ ಬಂದಿರಲಿಲ್ಲ. ಅಮ್ಮ ಗುಳಿಗೆ ನುಂಗಿಯಾಗಿತ್ತು. ಫೋನು ಮಾಡಿದರೆ ಎತ್ತಲಿಲ್ಲ. "ಈಗಲೇ ಕರ್ಕೊಂಡು ಬರ್ತೀನಿ, ಎರಡೇ ನಿಮಿಷ" ಎಂದು ಅಮ್ಮನಿಗೆ ಹೇಳಿ ಓಡಿದೆ. ಅಪ್ಪನ ಮುಖ ಬಾಡಿತ್ತು. ಪ್ಲಾಟಿನಂಗೆ ಒಂದೇ ಸೀಲು ಬಾಕಿಯಿದ್ದ ಮನುಷ್ಯ ಒಂದೇ ಆಟದಲ್ಲಿ ಮೇಷ್ಟ್ರಿಗೆ ಎಲ್ಲವನ್ನೂ ಸೋತಿದ್ದರು.

"ಅಪ್ಪಾ, ಏಳಿ. ಅಮ್ಮ ಕಾಯ್ತಿದಾಳೆ."

"ಹೆಂಗಮ್ಮಾ ಏಳೋದು? ದಿನಾ ಎಂಟು ಗಂಟೆಗೆ ಸರಿಯಾಗಿ ಮನೆಗೆ ಹೋಗಿ ಸಂಪಾದಿಸಿದ್ದು! ಅಷ್ಟೂ ಹೋಯ್ತು! ವಾಪಸ್ ಗೆಲ್ಲದೆ ಹೆಂಗೆ ಮನೆಗೆ ಬರ್ಲಿ?"

ಹೊತ್ತಿಗೆ ಸರಿಯಾಗಿ ಮನೆಗೆ ಹೋದದ್ದಕ್ಕೆ ಸಿಕ್ಕ ಸೀಲನ್ನು ಮರಳಿ ಗೆಲ್ಲಲು ಮನೆಗೆ ಹೋಗದೆ ಕೂತ ಮನುಷ್ಯನಿಗೆ ಏನು ಹೇಳಬೇಕು? ಅವರ ಕಣ್ಣಲ್ಲಿ ನಿಜವಾದ ನೋವಿತ್ತು. ಹುಬ್ಬಳ್ಳಿಗೆ ಕಾಫಿಗೆಂದು ಹಾರುವವರ ಕಣ್ಣಲ್ಲಿ ನಾನು ಕಂಡ ಅದೇ ನೋವು.

ಅಂದು ನಾನು ಕೂಗಾಡಿದೆ. "ನಿಮಗೆ ನಾಚಿಕೆ ಆಗಲ್ವಾ? ಒಬ್ಬರ ಊಟಕ್ಕೋಸ್ಕರ ಮಾಡಿದ ಯೋಜನೆ ಇದು! ಸಾರ್, ನೀವಂತೂ ನನಗೆ ಪಾಠ ಹೇಳಿದವರು!"

ಮೇಷ್ಟ್ರು ಎಲೆ ಕಲೆಸುತ್ತಲೇ ಹೇಳಿದರು: "ಅಷ್ಟು ಸಿಟ್ಟಿದ್ರೆ ಕೂತ್ಕೊಮ್ಮಾ. ಒಂದು ಆಟ. ನೀನು ಗೆದ್ರೆ ಎಲ್ಲಾರ ಸೀಲೂ ನಿಂಗೆ. ಸುಟ್ಟಾಕು. ಯೋಜನೆ ಬಂದ್."

ನ್ಯಾಯವಾಗಿ ಕಂಡಿತು. ಸಂಭವನೀಯತೆಯ ಪತ್ರಿಕೆಯಲ್ಲಿ ಇಡೀ ಕಾಲೇಜಿಗೆ ಹೆಚ್ಚು ಅಂಕ ನನ್ನದು. ಎರಡೇ ನಿಮಿಷದ ಕೆಲಸ. ಚಪ್ಪಲಿ ಬಿಟ್ಟು ಕೂತೆ.

ಸೋತೆ.

ಅದು ಎಲೆ ಸರಿಯಾಗಿ ಕಲೆಸದ ತಪ್ಪು. ಇನ್ನೊಂದು ಆಟ ಕೇಳಿದೆ. ಅದರಲ್ಲಿ ಒಂದೇ ಒಂದು ಎಲೆಗೆ ತಪ್ಪಿತು. ಒಂದೇ ಎಲೆ! ಅಲ್ಲಿಗೆ ಬಿಡುವುದು ಗಣಿತಕ್ಕೆ ಮಾಡುವ ಅವಮಾನ. ಮೂರನೆಯ ಆಟಕ್ಕೆ ಕೈಗೆ ಜೋಕರ್ ಬಂತು. ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ, "ಆ ಇಸ್ಪೀಟ್ ರಾಣೀನ ಬಿಡ್ಬೇಡ ಕಣೇ," ಎಂದು ಪಿಸುಗುಟ್ಟಿದರು. ನನ್ನ ಫೋನು ಗುಂಯ್‌ಗುಟ್ಟಿತು. ಮಗುಚಿ ಇಟ್ಟೆ. ಕೈಲಿ ಜೋಕರ್ ಇತ್ತು, ಹೇಗೆ ಎತ್ತುವುದು?

"ಏನು, ಇನ್ನೂ ಎರಡು ನಿಮಿಷ ಆಗ್ಲಿಲ್ವಾ?"

ಬಾಗಿಲಲ್ಲಿ ಅಮ್ಮ. ಗಡಿಯಾರ ಒಂಬತ್ತು ದಾಟಿತ್ತು. ಎಲೆ ಹಿಡಿದೇ ಎದ್ದು ನಿಂತೆ. ಗುಳಿಗೆ ನುಂಗಿ, ಉಪವಾಸ, ಎರಡು ಬೀದಿ ನಡೆದುಕೊಂಡು!

"ಅಮ್ಮಾ, ಕೂತ್ಕೋ! ಯಾರಾದ್ರೂ ಸಕ್ಕರೆ ತನ್ನಿ! ಊಟ ಮಾಡದೆ ಇಲ್ಲೀವರೆಗೂ ನಡ್ಕೊಂಡು..."

"ಯಾರು ಹೇಳಿದ್ದು ಊಟ ಮಾಡಿಲ್ಲ ಅಂತ? ಉಂಡೆ. ಆಗ್ಲೇ ಉಂಡೆ."

ಅಪ್ಪ ಬಾಯಿ ತೆರೆದು ನಿಂತರು. "ನಾನು ಬರೋದಕ್ಕೆ ಮುಂಚೆನೇ?"

"ನೀವೊಬ್ರೇ ಆಗಿದ್ರೆ ಕಾಯ್ತಿದ್ದೆ. ಕರ್ಕೊಂಡು ಬರ್ತೀನಿ ಅಂತ ಹೋದೋಳೂ ಬರ್ಲಿಲ್ಲ. ಇಲ್ಲಿಗೇ ಬಂದು ಕಿಟಕೀಲಿ ನೋಡ್ದೆ, ಸೊಂಟಕ್ಕೆ ವೇಲು ಸಿಕ್ಕಿಸ್ಕೊಂಡು ಎಲೆ ಹಾಕ್ತಾವ್ಳೆ. ಇನ್ನು ಈ ಮನೇಲಿ ಯಾರನ್ನ ನಂಬ್ಕೊಂಡು ಕಾಯ್ಲಿ? ಹೋಗಿ ಉಂಡೆ. ಪಾತ್ರೆನೂ ತೊಳೆದೆ. ಬೇಜಾರಾಯ್ತು, ಬಂದೆ." ಆಮೇಲೆ ನನ್ನತ್ತ ಕೈ ಚಾಚಿದಳು. "ಎಲ್ಲಿ, ನಂಗೂ ಒಂದು ಕಾರ್ಡು ಕೊಡು. ಸೀಲು ಒತ್ತು."

ನನ್ನ ಎಂ.ಕಾಂ., ನನ್ನ ಷರತ್ತುಗಳು, ನನ್ನ ಬಜ್ಜಿಯ ಖರ್ಚು ಯಾವುದೂ ಮಾಡಲಾಗದ್ದನ್ನು ನನ್ನ ಎರಡು ಸೋಲು ಮಾಡಿತ್ತು. ಮೇಷ್ಟ್ರೇ ಎದ್ದು ಸೀಲು ಒತ್ತಿಕೊಟ್ಟರು. ನಾನು ಎಲೆ ಕೆಳಗಿಟ್ಟೆ. ಮೂರನೆಯ ಆಟ ನಾನೇ ಗೆಲ್ಲುತ್ತಿದ್ದೆ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸಬಯಸುತ್ತೇನೆ.

ಈಗ ಅಮ್ಮ ದಿನವೂ ಎಂಟಕ್ಕೆ ಉಣ್ಣುತ್ತಾಳೆ, ತಾನೇ ಸೀಲು ಒತ್ತಿಕೊಳ್ಳುತ್ತಾಳೆ. ತಣ್ಣಗಿನ ಸಾರು ಕೆಲವು ದಿನ ಉಂಡ ಮೇಲೆ ಅಪ್ಪನೂ ಹೊತ್ತಿಗೆ ಬರತೊಡಗಿದ್ದಾರೆ; ಸೀಲಿಗಾಗಿ ಅಲ್ಲ, ಬಿಸಿ ಸಾರಿಗಾಗಿ. ಅಮ್ಮ ಚಿನ್ನದ ದರ್ಜೆ ತಲುಪಿದ ದಿನ ಮುನಿರಾಜು ಮಾಮ ಆ ಕೈಯುಳ್ಳ ಕುರ್ಚಿಯನ್ನು ನಮ್ಮ ಮನೆಗೇ ಕಳಿಸಿದರು. ಅದರಲ್ಲಿ ಕೂತೇ ಅವಳು ಅವರೆಕಾಳು ಬಿಡಿಸುತ್ತಾಳೆ.

ಇಡೀ ಬೀದಿಯಲ್ಲಿ ಒಂದೂ ಸೀಲಿಲ್ಲದ ಕಾರ್ಡು ಎಂದರೆ ನನ್ನೊಬ್ಬಳದೇ. ಮೊನ್ನೆ ಸಂಕೋಚ ಬಿಟ್ಟು ಕೇಳಿಯೇ ಬಿಟ್ಟೆ.

"ಅಮ್ಮಾ, ಯೋಜನೆ ಮಾಡಿದವಳು ನಾನು. ಗೌರವಕ್ಕೆ ಅಂತ ಒಂದು ಸೀಲು..."

"ಆವತ್ತು ಎಷ್ಟೊತ್ತಿಗೆ ಎದ್ದೆ ನೀನು?"

"ಒಂಬತ್ತು ದಾಟಿತ್ತು. ಆದ್ರೆ ಒಂದು ಸಣ್ಣ ತಿದ್ದುಪಡಿ ಮಾಡಿದ್ರೆ..."

ಅಮ್ಮ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು, ಕೊನೆಯ ದಪ್ಪಕ್ಷರದ ಸಾಲನ್ನು ಬೆರಳಿಟ್ಟು ಓದಿದಳು. ಆಮೇಲೆ ಇಂಕಿನ ಡಬ್ಬಿಯ ಮುಚ್ಚಳ ಹಾಕಿದಳು.