ಕಬ್ಬಿನ ಮಷೀನಿಗೆ ನಾನು ಬರೆದ ಇಂಗ್ಲಿಷ್ ಪುಸ್ತಕ

ಅಚ್ಚಿನ ಅಕ್ಷರ ಹೇಗಿರಬೇಕು ಎಂಬುದು ಇಡೀ ಬಸವಕಲ್ಯಾಣದಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನು ಬಹಳ ವರ್ಷ ನಂಬಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು, ನಂಬದೆ ಏನು ಮಾಡಲಿ!

ತೊಂಬತ್ತರ ದಶಕದ ಕೊನೆಯ ಮಾತು. ಹುಮನಾಬಾದಿನಲ್ಲಿರುವ ನನ್ನ ಹೆಂಡತಿಯ ತಮ್ಮ ಶಿವರಾಜ, ಊರವರ ಪಂಪ್‌ಸೆಟ್ ರಿಪೇರಿ ಮಾಡಿ ಮಾಡಿ ಸಾಕಾಗಿ, ಕಬ್ಬಿನ ಹಾಲು ತೆಗೆಯುವ ಮಷೀನನ್ನು ತಾನೇ ತಯಾರಿಸಿದ್ದ. ಅದನ್ನು ನೋಡಲು ಮಹಾರಾಷ್ಟ್ರದ ಉಮರ್ಗಾದಿಂದ, ಮಷೀನು ಮಾರುವ ಒಬ್ಬ ಶೇಠ್ ಬರುವವರಿದ್ದರು. ಅವರು ಒಪ್ಪಿದರೆ ಶಿವರಾಜನ ಸ್ವಂತ ಕಾರ್ಖಾನೆ. ಒಪ್ಪದಿದ್ದರೆ ಮತ್ತೆ ಅದೇ ಪಂಪ್‌ಸೆಟ್. ಮಷೀನಿನ ಜೊತೆ ಅದನ್ನು ನಡೆಸುವ ಬಗೆ ತಿಳಿಸುವ ಇಂಗ್ಲಿಷ್ ಪುಸ್ತಕವೂ ಬೇಕೆಂದು ಶೇಠ್ ಹೇಳಿಕಳಿಸಿದ್ದರು.

"ಭಾವಾ, ನೀವೇ ಬರೀಬೇಕು ನೋಡ್ರಿ. ಒಂದ್ ಹಾಳ್ಯಾಗ ಬರದ್ರ ಸಾಕು," ಎಂದ ಶಿವರಾಜ.

ಒಂದು ಹಾಳೆಯೇ! ನನ್ನ ಘನತೆಗೆ ಪೆಟ್ಟು ಬಿತ್ತು. ಪೀಠಿಕೆ ಸಹಿತ ಒಂದು ಗ್ರಂಥವನ್ನೇ ರಚಿಸಿದೆ. ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಕೂತು, ಬಳ್ಳಿಯಂತೆ ಬಳುಕುವ ಸಣ್ಣ ಓರೆ ಅಕ್ಷರಗಳನ್ನು ಆರಿಸಿದೆ. ದಪ್ಪ ಅಕ್ಷರ ನಿಷೇಧ! ದಪ್ಪ ಅಕ್ಷರವೆಂದರೆ ಓದುಗನ ಕಿವಿಯಲ್ಲಿ ಕಿರುಚಿದಂತೆ ಎಂಬುದು ನನ್ನ ಸಿದ್ಧಾಂತ. 'ಎಚ್ಚರಿಕೆ' ಎಂದು ದೊಡ್ಡದಾಗಿ ಹಾಕುವುದಂತೂ ಶುದ್ಧ ಒರಟುತನ. ಆದ್ದರಿಂದ ಎಚ್ಚರಿಕೆಗಳನ್ನೆಲ್ಲ, ಪಂಡಿತರ ಪದ್ಧತಿಯಂತೆ, ಪುಟ್ಟ ನಕ್ಷತ್ರ ಚಿಹ್ನೆ ಹಾಕಿ ಕೊನೆಯ ಪುಟದ ಅಡಿಟಿಪ್ಪಣಿಗೆ ಸಾಗಿಸಿದೆ.

ಹೆಂಡತಿ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದಳು. "ಏನ್ರಿ ಇದು? ಮನಷ್ಯಾರು ಓದಬೇಕೋ, ಇರುವಿ ಓದಬೇಕೋ?"

"ಇದಕ್ಕೆ ಅಭಿರುಚಿ ಅಂತಾರೆ," ಎಂದೆ ಗಂಭೀರವಾಗಿ.

"ನನ್ನ ತಮ್ಮನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ, ಅಷ್ಟಽ ಸಾಕು," ಎಂದಳು.

ಶೇಠ್ ಬಂದ ದಿನ ನಾವಿಬ್ಬರೂ ಹುಮನಾಬಾದಿಗೆ ಹೋದೆವು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ. ಶೇಠ್ ಮದುವೆಗೆ ಬಂದವರಂತೆ ಮಿಂಚುತ್ತಿದ್ದರು. "ಬುಕ್ ನೋಡಿ ನಾನೇ ನಡಸ್ತೀನಿ. ಯಾರೂ ಬಾಯಿ ಬಿಡಬ್ಯಾಡ್ರಿ. ನಾಳಿ ನನ್ನ ಗಿರಾಕಿಗೂ ಬುಕ್ಕೇ ಗತಿ," ಎಂದು ಅಪ್ಪಣೆ ಮಾಡಿದರು.

ನನಗೆ ಪರಮಾನಂದ! ಕೊನೆಗೂ ಒಬ್ಬ ಓದುಗ!

ಶೇಠ್ ಕನ್ನಡಕ ಒರೆಸಿದರು. ಪುಸ್ತಕವನ್ನು ಮೂಗಿಗೆ ತಂದರು, ದೂರ ಹಿಡಿದರು, ಮತ್ತೆ ತಂದರು. ಪೀಠಿಕೆ ಮುಗಿಯುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು. ಗುಂಡಿ ಒತ್ತುವ ಸಾಲಿಗೆ ಬಂದಾಗ ನನ್ನ ನಕ್ಷತ್ರ ಅವರ ಕಣ್ಣಿಗೆ ಬಿತ್ತು.

"ನೊಣ ಹೊಲಸು ಮಾಡ್ಯಾದ," ಎನ್ನುತ್ತ ಉಗುರಿನಿಂದ ಕೆರೆದು, ಕಬ್ಬು ತುರುಕಿ, ಗುಂಡಿ ಒತ್ತಿಯೇಬಿಟ್ಟರು.

ಗುಂಡಿ ಒತ್ತುವ ಮೊದಲು ಮುಂದಿನ ತಗಡಿನ ಮುಚ್ಚಳ ಹಾಕಬೇಕು. ಅದು ಅಡಿಟಿಪ್ಪಣಿಯಲ್ಲಿತ್ತು!

ಕಬ್ಬಿನ ಹಾಲು ಚಿಮ್ಮಿತು. ಶೇಠರ ಟೋಪಿ, ಮೀಸೆ, ಧೋತರ, ಒಂದನ್ನೂ ಬಿಡಲಿಲ್ಲ. ಗಾಬರಿಯಲ್ಲಿ ಅವರು ಇನ್ನೊಂದು ಗುಂಡಿ ಒತ್ತಿದರು. ಚಕ್ರ ಉಲ್ಟಾ ತಿರುಗಿ ಕಬ್ಬಿನ ಸಿಪ್ಪೆಯೂ ಅವರ ಮೇಲೇ ಬಂತು. ಶಿವರಾಜ ಓಡಿಹೋಗಿ ಮೋಟಾರು ನಿಲ್ಲಿಸಿ, ತಲೆಯ ಮೇಲೆ ಕೈಹೊತ್ತು ಕೂತ. ಅವನ ಮುಖ ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹೆಂಡತಿ ನನ್ನತ್ತ ನೋಡಿದ ನೋಟ ಮಾತ್ರ ಬಹಳ ದಪ್ಪ ಅಕ್ಷರದಲ್ಲಿತ್ತು.

ಶೇಠ್ ಮೀಸೆ ನೆಕ್ಕಿಕೊಂಡರು. ಮಷೀನಿನ ಸುತ್ತ ಒಂದು ಸುತ್ತು ಬಂದರು. ಮುಚ್ಚಳ ಹಾಕಿಸಿ, ಮತ್ತೆ ಚಾಲೂ ಮಾಡಿದರು. ಮಷೀನ್ ಏನೂ ಆಗದಂತೆ ಗಿರ್ರನೆ ತಿರುಗಿತು.

"ಶಿವರಾಜಣ್ಣ, ಇಂಥಾ ಬುಕ್ ಓದಿ ನಡಿಸಿದ್ರೂ ಕೆಟ್ಟಿಲ್ಲ ಅಂದ್ರ, ಈ ಮಷೀನ್ ಯಾರ ಕೈಯಾಗ ಕೊಟ್ರೂ ಕೆಡಂಗಿಲ್ಲ. ಪಕ್ಕಾ ಮಾಲ್! ಕಳಸ್ರಿ!"

ಶಿವರಾಜ ಎದ್ದು ಕುಣಿದೇಬಿಟ್ಟ. ನನಗೂ ಕಣ್ಣು ತುಂಬಿ ಬಂತು. ಸ್ವಲ್ಪ ಹೆಮ್ಮೆಯೂ ಆಯಿತು.

ಈಗ ಶಿವರಾಜನ ಕಾರ್ಖಾನೆಯಲ್ಲಿ ಮಷೀನಿನ ಜೊತೆ ಹೋಗುವುದು ದೊಡ್ಡ ಅಕ್ಷರದ ಒಂದೇ ಹಾಳೆ, ನನ್ನ ಹೆಂಡತಿ ಬರೆದದ್ದು. ನನ್ನ ಗ್ರಂಥವನ್ನೂ ಅವನು ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಹೊಸ ಮಷೀನ್ ಗಟ್ಟಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಲು, ಮೊದಲ ಸಲ ಆ ಗ್ರಂಥ ನೋಡಿಯೇ ನಡೆಸುತ್ತಾರೆ!