ಹೊಳೆಯಾಚೆ ಹೋದ ಗಾಲ್ಫು

ನವಲಗುಂದದ ಹತ್ತಿ ವ್ಯಾಪಾರಿ ಕುಬೇರಪ್ಪನವರಿಗೆ ಗಾಲ್ಫ್ ಆಡಲು ಬರುತ್ತಿರಲಿಲ್ಲ. ಆದರೆ ಗಾಲ್ಫ್ ಆಡುವವರನ್ನು ಕರೆದುಕೊಂಡು ಹೋಗಿ ಬರುವ ವಿದ್ಯೆ ತಮ್ಮಷ್ಟು ಬಲ್ಲವರು ಇಡೀ ಜಿಲ್ಲೆಯಲ್ಲೇ ಇಲ್ಲವೆಂದು ಅವರು ನಂಬಿದ್ದರು.

ಆಟದ ಹುಚ್ಚು ಹಿಡಿಸಿದವರು ಧಾರವಾಡದ ಹೊಸ ಬೀಗರು, ನಿವೃತ್ತ ಇಂಜಿನಿಯರ್ ಸಂಗನಬಸವ. ಮಗಳು ಅಮೃತಾಳನ್ನು ಅವರ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಬೀಗರು ಒಮ್ಮೆ ಬಂದಾಗ ಒಂದು ಹಳೆಯ ಕೋಲು, ನಾಲ್ಕು ಚೆಂಡು ಕೊಟ್ಟು ಹೋಗಿದ್ದರು. ಕುಬೇರಪ್ಪನವರು ಕಡಲೆ ಕಿತ್ತ ಎರೆಹೊಲದಲ್ಲಿ ಅಭ್ಯಾಸಕ್ಕೆ ನಿಂತರು. ಬೇಸಿಗೆಯ ಎರೆಭೂಮಿ ಬಾಯಿ ಬಿಟ್ಟುಕೊಂಡೇ ಕಾಯುತ್ತಿತ್ತು. ಏಟಿಗೊಂದರಂತೆ ನಾಲ್ಕೂ ಚೆಂಡು ಬಿರುಕಿನಲ್ಲಿಳಿದು ಪಾತಾಳ ಸೇರಿದವು. ಹೊಡೆದದ್ದೆಲ್ಲ ಕುಳಿಗೇ ಬಿದ್ದ ಮೇಲೆ ಇನ್ನು ಕಲಿಯುವುದೇನಿದೆ ಎಂದು ಅವರು ಹೆಮ್ಮೆಯಿಂದ ಮನೆಗೆ ಬಂದರು.

ಹೀಗಿರುವಾಗ ಬೀಗರು, ಗೋವಾದಲ್ಲಿ ಹೊಳೆಯ ಈಚೆಗೊಂದು ಆಚೆಗೊಂದು ಗಾಲ್ಫ್ ಮೈದಾನವಿದೆ, ಇಬ್ಬರೂ ಹೋಗಿಬರೋಣ ಎಂದರು. ಒಂದು ದಿನಕ್ಕೆ ಒಂದೇ ಮೈದಾನ ಸಾಕು ಎಂದೂ ಸೇರಿಸಿದರು. ಕುಬೇರಪ್ಪನವರು ಕೇಳಲಿಲ್ಲ. ಮಧ್ಯಾಹ್ನ ಈಚೆಯದು, ಸಂಜೆ ಆಚೆಯದು ಎಂದು ಎರಡನ್ನೂ ಒಂದೇ ದಿನಕ್ಕೆ ಗೊತ್ತುಮಾಡಿಬಿಟ್ಟರು.

"ಬೀಗರ, ಆಟ ನಿಮ್ದು, ಹಾದಿ ನಂದು. ನೀವು ಸುಮ್ನ ಗಾಡ್ಯಾಗ ಕುಂದರ್ರಿ" ಎಂದು ಫೋನಿನಲ್ಲಿ ಎದೆಯುಬ್ಬಿಸಿ ಹೇಳಿದ್ದನ್ನು ಹೆಂಡತಿ ಸಾವಿತ್ರೆವ್ವ ಅಡುಗೆಮನೆಯಿಂದಲೇ ಕೇಳಿಸಿಕೊಂಡರು. ಹೋದ ಸಲ ಗೋಕಾಕಿಗೆಂದು ಹೊರಟು ಗಂಡ ತಮ್ಮನ್ನು ಗದಗಿಗೆ ಮುಟ್ಟಿಸಿದ್ದು ಅವರಿಗೆ ನೆನಪಿತ್ತು. ಹಾಗಾದರೆ ತಾವೂ ಬೀಗತಿ ಸುಶೀಲವ್ವನೂ ಜೊತೆಗೆ ಬರುವುದಾಗಿ ಹೇಳಿ ರೊಟ್ಟಿ ಬಡಿಯಲು ಕೂತರು.

ಗಾಡಿ ಮಾಂತೇಶನ ಕ್ರೂಸರ್. ದಿನವೂ ನವಲಗುಂದ–ಹುಬ್ಬಳ್ಳಿ ಸೀಟು ತುಂಬಿಸುವ ಗಾಡಿ. ಅಂದು ಅದು ಬಾಡಿಗೆಗೆ ಹೊರಟಿದೆಯೆಂದು ಗಾಡಿಗೂ ತಿಳಿಯಲಿಲ್ಲ, ದಾರಿಯ ಜನಕ್ಕೂ ತಿಳಿಯಲಿಲ್ಲ. ಮೊದಲ ಕ್ರಾಸಿನಲ್ಲಿ ಹನಮವ್ವ ಮೆಂತ್ಯ ಸೊಪ್ಪಿನ ಬುಟ್ಟಿಯೊಂದಿಗೆ ಕೈ ಮಾಡಿದಳು. ಮಾಂತೇಶನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಬೇಡವೆನ್ನೋಣವೆಂದರೆ ಆಕೆಯ ಮನೆಯವರು ಪ್ರತಿವರ್ಷ ಕುಬೇರಪ್ಪನವರಿಗೇ ಹತ್ತಿ ಹಾಕುವವರು. ಮುಂದಿನ ಕ್ರಾಸಿನಲ್ಲಿ ನಿಂತವರೂ ಹತ್ತಿ ಹಾಕುವವರೇ. ಅದರ ಮುಂದಿನವರೂ ಅವರೇ. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಗಾಲ್ಫ್ ಪ್ರವಾಸದ ಯಜಮಾನರು ಮಡಿಲಲ್ಲಿ ಮೆಂತ್ಯ ಸೊಪ್ಪು ಇಟ್ಟುಕೊಂಡು ಕಿಟಕಿಗೆ ಅಂಟಿಕೊಂಡಿದ್ದರು. ಸಂತೆಯ ಬಾಗಿಲಲ್ಲಿ ಎಲ್ಲರನ್ನೂ ಇಳಿಸಿ, ಧಾರವಾಡದಲ್ಲಿ ಬೀಗರನ್ನೂ ಬೀಗತಿಯನ್ನೂ ಕೋಲಿನ ಚೀಲಗಳನ್ನೂ ಹತ್ತಿಸಿಕೊಂಡು, ಅಳ್ನಾವರ ದಾಟುವಾಗಲೇ ಹೊತ್ತು ನೆತ್ತಿಯ ಕಡೆಗೆ ಏರಿತ್ತು.

ಘಟ್ಟ ಇಳಿದು ಮೊದಲ ಮೈದಾನ ಸೇರಿದಾಗ ಅವರ ಸರದಿ ಬೇರೆಯವರ ಪಾಲಾಗಿತ್ತು. ಕಾವಲಿನವನು ಗೇಟಿನೊಳಗೂ ಬಿಡಲಿಲ್ಲ. ಸಂಗನಬಸವ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಕುಬೇರಪ್ಪನವರಿಗೆ ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ಮಗಳನ್ನು ಕೊಟ್ಟ ಮನೆ. ಎರಡನೆಯ ಮೈದಾನವಾದರೂ ಕೈ ತಪ್ಪಬಾರದು.

ಅವರ ಫೋನಿನ ಚಾರ್ಜು ಘಟ್ಟದಲ್ಲೇ ಮುಗಿದಿತ್ತು. ಸಾವಿತ್ರೆವ್ವನ ಫೋನು ಇಸಿದುಕೊಂಡು ನಕಾಶೆ ನೋಡಿದರು. ಮೈದಾನ ಹೊಳೆಯ ಆಚೆ ದಂಡೆಗೇ ಇತ್ತು. ಸೇತುವೆ ಸುತ್ತಿ ಹೋಗುವುದು ದಡ್ಡರ ಕೆಲಸ, ಗಾಡಿ ಸಮೇತ ಬೋಟಿನಲ್ಲಿ ದಾಟಿದರೆ ಮುಗಿಯಿತು ಎಂದು ತೀರ್ಮಾನಿಸಿ ಮಾಂತೇಶನಿಗೆ ಹೇಳಿ ಕ್ರೂಸರನ್ನು ದಂಡೆಗೆ ತರಿಸಿದರು.

ಗಾಡಿಗಳನ್ನೂ ಹೊತ್ತು ದಾಟಿಸುವ ಬೋಟು ಆಗಲೇ ತುಂಬುತ್ತಿತ್ತು. ಹೆಂಗಸರು ಮೊದಲು ಹೋಗಿ ಜಾಗ ಹಿಡಿಯಲಿ, ಚೀಲಗಳೂ ಅವರ ಜೊತೆಗೇ ಇರಲಿ ಎಂದರು ಕುಬೇರಪ್ಪ. ಹಮಾಲಿಯೊಬ್ಬ ಚೀಲಗಳನ್ನು ಬೋಟಿಗೆ ಸಾಗಿಸಿದ. ಕ್ರೂಸರನ್ನು ಹಿಮ್ಮುಖವಾಗಿ ಹತ್ತಿಸಬೇಕಿತ್ತು. ಕುಬೇರಪ್ಪನವರು ಹಿಂದೆ ನಿಂತು ಬರಲಿ, ಬರಲಿ ಎಂದು ಕೈ ಬೀಸತೊಡಗಿದರು. ಎಡಕ್ಕೆ ಎಂದು ಬೀಗರು, ಬಲಕ್ಕೆ ಎಂದು ಇವರು. ಇಬ್ಬರ ಮಾತೂ ಕೇಳಿದ ಮಾಂತೇಶ ನಡುವೆಯೇ ನಿಂತುಬಿಟ್ಟ. ಅಷ್ಟರಲ್ಲಿ ಬೋಟಿನವರು ಹಲಗೆ ಎತ್ತಿದರು. ತಿರುಗಿ ನೋಡಿದರೆ ಸಾವಿತ್ರೆವ್ವ, ಸುಶೀಲವ್ವ, ಕೋಲುಗಳು, ರೊಟ್ಟಿಯ ಗಂಟು ಎಲ್ಲವೂ ನೀರಿನ ಮೇಲೆ ತೇಲಿಕೊಂಡು ಹೋಗುತ್ತಿದ್ದವು.

ಮುಂದಿನ ಬೋಟು ಬೋಟಿನವರ ಊಟವಾದ ಮೇಲೆ ಎಂದು ತಿಳಿಯಿತು. ಹೆಂಡತಿಗೆ ಫೋನು ಮಾಡೋಣವೆಂದು ಕಿಸೆಗೆ ಕೈ ಹಾಕಿದರೆ ಆಕೆಯ ಫೋನೇ ಕೈಗೆ ಬಂತು. ಸುಶೀಲವ್ವ ಫೋನು ಇಟ್ಟುಕೊಳ್ಳುವವರೇ ಅಲ್ಲ. ಕೊನೆಗೆ ಅದೇ ದಡ್ಡರ ಸೇತುವೆಯ ದಾರಿ ಹಿಡಿದರು. ಸೇತುವೆಯ ಮೇಲೆ ಗೋವಾ ನೋಡಲು ಬಂದ ಊರೆಲ್ಲ ಸಾಲುಗಟ್ಟಿ ನಿಂತಿತ್ತು. ಕೊಂಕಣಿಯ ಒಂದಕ್ಷರ ಬಾರದ ಇಬ್ಬರು ಹೆಂಗಸರು ಯಾವ ದಂಡೆಯಲ್ಲಿ ಕಣ್ಣೀರು ಹಾಕುತ್ತಿದ್ದಾರೋ ಎಂದು ಕುಬೇರಪ್ಪನವರು ಕಿಟಕಿಯಿಂದ ಕತ್ತು ಚಾಚಿ ಆಚೆ ದಂಡೆಯನ್ನೇ ನೋಡತೊಡಗಿದರು. ದಾರಿಯುದ್ದಕ್ಕೂ ಬೀಗರು ಒಂದೇ ಮಾತಾಡಿದರು.

"ಬೀಗರ, ರೊಟ್ಟಿ ಗಂಟರ ಇಲ್ಲೇ ಇಟ್ಗೋಬೇಕಿತ್ತು."

ಮೈದಾನ ಸೇರಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಇಬ್ಬರೂ ಓಡುತ್ತಲೇ ಒಳಗೆ ಹೋದರು. ಕಟ್ಟೆಯ ನೆರಳಲ್ಲಿ ಸಾವಿತ್ರೆವ್ವ ಮತ್ತು ಸುಶೀಲವ್ವ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಎಳನೀರು ಕುಡಿಯುತ್ತಿದ್ದರು. ಎದುರಿಗೆ ಕೂತ ಹುಡುಗಿ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಅವಳು ನಿಲೋಫರ್, ಮೈದಾನದ ಕಚೇರಿಯವಳು, ಅಣ್ಣಿಗೇರಿಯ ಮಗಳು. ಬೋಟಿಳಿದು ಕೇಳುತ್ತ ಬಂದವರ ಬಾಯಲ್ಲಿ ತನ್ನ ಸೀಮೆಯ ಮಾತು ಕೇಳಿ ಅವಳಿಗೆ ಹಿಗ್ಗೋ ಹಿಗ್ಗು. ಸರದಿ ಹಾಳಾಗಬಾರದೆಂದು ಇಬ್ಬರ ಕೈಗೂ ಕೋಲು ಕೊಟ್ಟು ಆಡಿಸಿಯೇ ಬಿಟ್ಟಿದ್ದಳು.

"ಹ್ಯಾಂಗಿತ್ತ?" ಎಂದು ಸಂಗನಬಸವ ಮೆಲ್ಲಗೆ ಹೆಂಡತಿಯನ್ನು ಕೇಳಿದರು.

"ಅಗದಿ ಛಲೋ ಐತ್ರಿ" ಎಂದರು ಸುಶೀಲವ್ವ. "ಸಣ್ಣ ಗಾಡ್ಯಾಗ ಕುಂದ್ರಿಸಿ ಹುಲ್ಲಿನ ಮ್ಯಾಲೆಲ್ಲಾ ಅಡ್ಡಾಡಿಸಿದ್ರು. ನೀವು ಆಡಾಕ ಹೋಗ್ತೀನಿ ಅಂತಿದ್ರಿ, ಇಷ್ಟು ಆರಾಮ ಇರ್ತೈತಿ ಅಂತ ಒಂದಿನಾನೂ ಹೇಳಲಿಲ್ಲ."

ಸಂಗನಬಸವ ಹೆಂಡತಿಯ ಮುಖ ನೋಡಿದರು, ಕುಬೇರಪ್ಪನವರ ಮುಖ ನೋಡಿದರು, ಆಮೇಲೆ ನಗಲು ಶುರುಮಾಡಿದರು. ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುವೆಯ ಮಾತುಕತೆಯ ದಿನದಿಂದ ಬಿಗಿಹಿಡಿದಿದ್ದ ಕುಬೇರಪ್ಪನವರ ಉಸಿರು ಆಗ ಹೊರಬಂತು. ಉಳಿದ ರೊಟ್ಟಿಯನ್ನು ಬೀಗರಿಬ್ಬರೂ ಹಂಚಿಕೊಂಡು ತಿಂದರು.

ಮೈದಾನ ಮುಚ್ಚುವ ಹೊತ್ತಾಗಿತ್ತು. ಇಷ್ಟು ದೂರ ಬಂದಿದ್ದೀರಿ, ಒಂದೊಂದು ಏಟು ಹೊಡೆದು ಹೋಗಿ ಎಂದಳು ನಿಲೋಫರ್. ಬೀಗರ ಚೆಂಡು ಬಾಣದಂತೆ ಹೋಯಿತು. ಕುಬೇರಪ್ಪನವರು ಅಂಗಿಯ ತೋಳು ಮಡಚಿ, ದೂರದ ಬಾವುಟಕ್ಕೆ ಕಣ್ಣಿಟ್ಟು, ಇಡೀ ದಿನದ ಅವಮಾನವನ್ನೆಲ್ಲ ಕೋಲಿಗೆ ಇಳಿಸಿ ಬೀಸಿದರು. ಏನೋ ಒಂದು ಗಾಳಿಯಲ್ಲಿ ಚೆಂದವಾಗಿ ಹಾರಿ ಹೋಗಿ ಬಿತ್ತು. ಅದು ಬೊಗಸೆಯಷ್ಟು ಹುಲ್ಲಿನ ಹೆಂಟೆ. ಚೆಂಡು ಅವರ ಕಾಲ ಬಳಿಯೇ ಕೂತಿತ್ತು.

ಕಿತ್ತ ಹುಲ್ಲನ್ನು ಕಿತ್ತವರೇ ತಂದು ಮತ್ತೆ ಅಲ್ಲಿಯೇ ಕೂರಿಸಬೇಕು, ಅದು ಈ ಆಟದ ರೀತಿ ಎಂದಳು ನಿಲೋಫರ್. ಕುಬೇರಪ್ಪನವರು ಹೋಗಿ ಹೆಂಟೆ ಎತ್ತಿ ತಂದರು. ತಗ್ಗಿನಲ್ಲಿಟ್ಟು, ಚಪ್ಪಲಿ ಕಳಚಿ ಬರಿಗಾಲಿನಿಂದ ಒತ್ತತೊಡಗಿದರು. ಸಾವಿತ್ರೆವ್ವ ಎಳನೀರು ಹಿಡಿದೇ ಹತ್ತಿರ ಬಂದು ಬಗ್ಗಿ ನೋಡಿದರು.

"ಛಲೋತ್ನಾಗ ತುಳೀರಿ" ಎಂದರು. "ಇವತ್ತು ನೀವು ಜಾಗಾಕ್ಕ ಮುಟ್ಟಿಸಿದ್ದು ಇದೊಂದ."