ಹಾಸಿಗೆ ಅಂಗಡಿಯ ಮುಚ್ಚಿದ ಬಾಗಿಲಿನ ವಿಚಾರವಾಗಿ ಹುಡುಕುವ ಯಂತ್ರಕ್ಕೆ

ಎಲ್ಲವನ್ನೂ ಬಲ್ಲವರೂ, ಕೇಳಿದ್ದಕ್ಕೆಲ್ಲ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುವವರೂ, ಆದರೆ ಫೋನು ಮಾಡಿದರೆ ಮಾತ್ರ ಎತ್ತದವರೂ ಆದ ಹುಡುಕುವ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಪತ್ರದ ಮೊದಲಲ್ಲಿ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯುವುದು ವಾಡಿಕೆ. ನಾನೂ ಹಾಗೆಯೇ ಬರೆಯಲು ಹೊರಟವಳು, ತಮ್ಮ ದಾಖಲೆಯ ಪ್ರಕಾರ ನಾವು ಇಲ್ಲವೇ ಇಲ್ಲ ಎಂಬುದು ನೆನಪಾಗಿ ಕೈ ತಡೆದೆ. ಇಲ್ಲದವರು ಕ್ಷೇಮವಾಗಿರುವುದು ಹೇಗೆ? ಆದ್ದರಿಂದ ತಾವು ಕ್ಷೇಮವೆಂದು ಮಾತ್ರ ನಂಬಿ ಮುಂದುವರಿಯುತ್ತೇನೆ.

ನಾನು ಬೇಕರಿ ಬೀದಿಯ ಹಿಂದಿನ ಓಣಿಯಲ್ಲಿರುವ ಹತ್ತಿ ಹಾಸಿಗೆ ಅಂಗಡಿಯ ಸೊಸೆ. ಗಂಟುಕಟ್ಟಿದ ಹಳೆಯ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಯಂತ್ರದಲ್ಲಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ನಮ್ಮ ಕಸುಬು, ಹೊಸದನ್ನೂ ಮಾಡುತ್ತೇವೆ. ಹಿಂಜುವುದು ನನ್ನ ಗಂಡ, ದಬ್ಬಳ ಹಿಡಿದು ಹೊಲಿಯುವುದು ನನ್ನ ಮಾವ, ದಿಂಬು ನನ್ನದು, ಜಗಳವೂ ನನ್ನದೇ. ಹಿಂಜಿದ ಹತ್ತಿಗೆ ಒಂದು ಕೆಟ್ಟ ಗುಣವಿದೆ, ಗಾಳಿ ಕರೆದರೆ ಸಾಕು, ಎದ್ದು ಹೊರಟೇಬಿಡುತ್ತದೆ. ಹೀಗಾಗಿ ಕೆಲಸದ ಹೊತ್ತಿನಲ್ಲೆಲ್ಲ ನಮ್ಮ ಅಂಗಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುತ್ತದೆ. ಗಿರಾಕಿ ಬಂದು ಬಾಗಿಲು ತಟ್ಟಬೇಕು. ಬಾಗಿಲ ಪಕ್ಕದಲ್ಲೇ ಕೂತು ಹೊಲಿಯುವ ಮಾವ “ನಿಲ್ಸೋ, ಯಾರೋ ಬಂದ್ರು” ಎಂದು ಮಗನಿಗೆ ಕೂಗಬೇಕು. ಯಂತ್ರ ನಿಂತು, ಹಾರುತ್ತಿದ್ದ ಹತ್ತಿಯೆಲ್ಲ ನೆಲಕ್ಕಿಳಿದ ಮೇಲೆ ಬಾಗಿಲು ತೆರೆಯಬೇಕು. ಬಾಗಿಲು ಮುಚ್ಚಿದ್ದರೆ ಅಂಗಡಿ ನಡೆಯುತ್ತಿದೆ ಎಂದೂ, ತೆರೆದಿದ್ದರೆ ಇವತ್ತು ಕೆಲಸವಿಲ್ಲ, ಸುಮ್ಮನೆ ಗುಡಿಸುತ್ತಿದ್ದಾರೆ ಎಂದೂ ಇಡೀ ಓಣಿಗೆ ಗೊತ್ತು.

ಇಂಥ ಬಾಗಿಲಿನ ಎದುರು ಯಾರೋ ಪುಣ್ಯಾತ್ಮರು ನಿಂತು, ತಟ್ಟಿ ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ, ಒಂದು ಫೋಟೋ ತೆಗೆದು ತಮಗೆ ಕಳುಹಿಸಿದರು. ತಾವು ಕೂಡಲೇ ನಮ್ಮ ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ಬರೆದಿರಿ. ತಮ್ಮ ಈ ಚುರುಕುತನವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಮನುಷ್ಯ ಸತ್ತನೆಂದು ಹೇಳುವ ಮೊದಲು ಡಾಕ್ಟರು ನಾಡಿಯನ್ನಾದರೂ ಹಿಡಿದು ನೋಡುತ್ತಾರೆ. ತಾವು ಬಾಗಿಲು ನೋಡಿಯೇ ಹೇಳಿಬಿಡುತ್ತೀರಿ. ಈ ವಿಷಯ ನಮಗೆ ತಿಳಿದದ್ದು ಲಾಂಡ್ರಿ ಅಂಗಡಿಯ ಅಕ್ಕನಿಂದ. ಅವರು ಫೋನು ಮಾಡಿ, “ಯಾವಾಗ ಮುಚ್ಚಿದ್ರಿ, ಒಂದು ಮಾತು ಹೇಳ್ಬಾರ್ದಿತ್ತಾ, ಮಾವ ಹೇಗಿದ್ದಾರೆ” ಎಂದು ಗದ್ಗದಿತರಾದರು. ನಾನು ದಿಂಬಿನೊಳಗೆ ಮೊಣಕೈವರೆಗೆ ಕೈ ಹಾಕಿಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಮುಚ್ಚಿಲ್ಲ ಅಕ್ಕಾ ಎನ್ನುತ್ತಲೇ ಇದ್ದೆ. ಅವರು “ಆಯ್ತು ಬಿಡಮ್ಮ, ಧೈರ್ಯ ತಗೋ” ಎನ್ನುತ್ತಲೇ ಇದ್ದರು.

ಅಂದಿನಿಂದ ನಮ್ಮ ಬಾಗಿಲು ತಟ್ಟುವವರಿಲ್ಲದಾಯಿತು. ಚಳಿ ಹತ್ತಿರ ಬರುವ ಹೊತ್ತಿಗೆ ಜನ ಹಳೆಯ ಹಾಸಿಗೆಗಳನ್ನು ಹೊತ್ತು ತರುವುದು ರೂಢಿ. ಈ ಸಲ ಆ ಜನರೆಲ್ಲ ಫೋನಿನಲ್ಲಿ ನಮ್ಮ ಮರಣವಾರ್ತೆ ಓದಿ, ಬೀದಿಯ ತುದಿಯಲ್ಲಿರುವ ಫೋಮ್ ಹಾಸಿಗೆಯ ಶೋರೂಮಿಗೆ ಹೋದರು. ಆ ಶೋರೂಮಿನ ಸಾಹುಕಾರರು ತಮಗೆ ಚೆನ್ನಾಗಿಯೇ ಪರಿಚಯ. ‘ಸುಖನಿದ್ರೆ’ ಎಂದು ಯಾರು ಹುಡುಕಿದರೂ ತಾವು ಮೊಟ್ಟಮೊದಲು ತೋರಿಸುವುದು ಅವರನ್ನೇ, ನಕ್ಷತ್ರಗಳ ಸಮೇತ. ಅವರು ಒಂದು ದಿನ ನಗುನಗುತ್ತಾ ಬಂದು, ಹೇಗಿದ್ದರೂ ಮುಚ್ಚಿದ ಅಂಗಡಿ, ಗೋದಾಮು ಮಾಡಿಕೊಳ್ಳಲು ಬಾಡಿಗೆಗೆ ಕೊಡಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾವ, “ಈ ಚಳಿ ಮುಗಿಯೋವರೆಗೂ ನೋಡೋಣ. ಆ ಹೊತ್ತಿಗೆ ಬಾಗಿಲು ತಟ್ಟೋರು ಯಾರೂ ಇಲ್ಲ ಅಂದ್ರೆ ತಗೊಳ್ಳಿ” ಎಂದುಬಿಟ್ಟರು. ಮಾವ ಮಾತು ಕೊಟ್ಟರೆ ಮುಗಿಯಿತು. ಅವತ್ತಿನಿಂದ ಅವರು ಹೊಲಿಯಲು ಏನೂ ಇಲ್ಲದಿದ್ದರೂ ದಬ್ಬಳ ಹಿಡಿದು ಬಾಗಿಲಿಗೆ ಕಿವಿಕೊಟ್ಟು ಕೂರತೊಡಗಿದರು. ಗಾಳಿಗೆ ಚಿಲಕ ಅಲ್ಲಾಡಿದರೂ ಎದ್ದು ಹೋಗಿ ನೋಡುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ತಮ್ಮ ನೆನಪಾಗುತ್ತಿತ್ತು. ಹೇಗೆ ನೆನಪಾಗುತ್ತಿತ್ತು ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ಆಗ ರಂಗಕ್ಕೆ ಬಂದವನು ನನ್ನ ಮೈದುನ. ತಮ್ಮ ಕೃಪೆಗೆ ಪಾತ್ರರಾಗುವುದು ಹೇಗೆಂದು ಎಲ್ಲೋ ಒಂದೆರಡು ದಿನ ಪಾಠ ಕೇಳಿ ಬಂದಾಗಿನಿಂದ ಮನೆಯಲ್ಲಿ ಅವನಿಗೆ ‘ತಜ್ಞ’ ಎಂದೇ ಹೆಸರು. ತಜ್ಞನ ಮೊದಲ ಸಲಹೆ, ಅಂಗಡಿಯ ಬೋರ್ಡು ಕಿತ್ತು ‘ನನ್ನ ಹತ್ತಿರದ ಅತ್ಯುತ್ತಮ ಹಾಸಿಗೆ’ ಎಂದು ಬರೆಸಬೇಕು, ಯಾಕೆಂದರೆ ಜನ ಹುಡುಕುವುದು ಆ ಮಾತಿನಲ್ಲಂತೆ. ಮಾವ, “ಬೋರ್ಡಲ್ಲಿ ‘ನನ್ನ ಹತ್ತಿರ’ ಅಂತ ಬರೆದ್ರೆ ಓದೋನು ಯಾರ ಹತ್ತಿರ ಅಂದ್ಕೋಬೇಕೋ” ಎಂದು ಕೇಳಿ ಅದನ್ನು ಅಲ್ಲಿಗೇ ನಿಲ್ಲಿಸಿದರು. ಎರಡನೆಯದಾಗಿ, ಅಂಗಡಿಯ ವಿವರಣೆಯಲ್ಲಿ ‘ಹಾಸಿಗೆ’ ಎಂಬ ಪದ ಸಾಧ್ಯವಾದಷ್ಟು ಸಲ ಬರಬೇಕೆಂದು, “ಹಾಸಿಗೆ ಬೇಕೆ? ಹಾಸಿಗೆಗೆ ನಮ್ಮ ಹಾಸಿಗೆಯೇ ಹಾಸಿಗೆ, ಹಾಸಿಗೆ ಬಲ್ಲವರ ಹಾಸಿಗೆ” ಎಂದು ಅವನೇ ಬರೆದ. ಓದಿದ ನನ್ನ ಗಂಡ, ಮಾತೇ ಆಡದ ಮನುಷ್ಯ, ಎದ್ದು ಹೋಗಿ ಯಂತ್ರ ಚಾಲೂ ಮಾಡಿಕೊಂಡರು. ಮೂರನೆಯದಾಗಿ, ನೆಂಟರಿಷ್ಟರೆಲ್ಲ ನಮಗೆ ನಕ್ಷತ್ರ ಕೊಡಬೇಕೆಂದು ಫರ್ಮಾನು ಹೊರಟಿತು. ನಮ್ಮ ಚಿಕ್ಕಮ್ಮ ಎಲ್ಲರಿಗಿಂತ ಮೊದಲು ಕೊಟ್ಟರು, ಒಂದೇ ಒಂದು. ಕೇಳಿದರೆ, “ಫಸ್ಟ್ ಕ್ಲಾಸ್ ಅಂತ ಒಂದು ಒತ್ತಿದೆ ಕಣೋ, ಐದನೇ ಕ್ಲಾಸು ಯಾಕೆ ಕೊಡ್ಲಿ” ಎಂದರು.

ಕೊನೆಗೆ ತಜ್ಞ, ಮುಚ್ಚಿದ ಬಾಗಿಲಿನ ಫೋಟೋದಿಂದ ಹೋದ ಮಾನ ತೆರೆದ ಬಾಗಿಲಿನ ಫೋಟೋದಿಂದಲೇ ಬರಬೇಕೆಂದು ಹಟ ಹಿಡಿದ. ಅಂಗಡಿ ಜೀವಂತವಾಗಿ ಕಾಣಬೇಕಾದ್ದರಿಂದ ಯಂತ್ರವೂ ಓಡುತ್ತಿರಬೇಕು, ಬಾಗಿಲೂ ತೆರೆದಿರಬೇಕು ಎಂದ. ಬೇಡ ಎಂದು ನಾವು ಮೂವರೂ ಹೇಳಿದೆವು; ತಜ್ಞರಿಗೆ ಹೇಳುವವರುಂಟೇ? ಚಿಲಕ ತೆಗೆದದ್ದೇ ತಡ, ಓಣಿಯಲ್ಲಿ ಕಾದು ನಿಂತಿದ್ದ ಗಾಳಿ ಒಳಗೆ ನುಗ್ಗಿ, ಹೊಸದಾಗಿ ಹಿಂಜಿದ ಹತ್ತಿಯನ್ನೆಲ್ಲ ಬಾಚಿಕೊಂಡು ಹೊರಬಿತ್ತು. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಕೂತಿದ್ದವರಿಗೆ ಕ್ಷಣದಲ್ಲಿ ಬಿಳಿಗಡ್ಡ ಬಂತು. ಬೇಕರಿಯವರ ಬನ್ನುಗಳಿಗೆಲ್ಲ ಸ್ವೆಟರು ಹಾಕಿದಂತಾಯಿತು. ಅವರು ಆಡಿದ ಮಾತುಗಳನ್ನು ಮಾವ ವಿನಯದಿಂದ ಕೇಳಿಸಿಕೊಂಡರು. ಈ ಪ್ರಳಯದ ನಡುವೆ ತಜ್ಞ ಮಾತ್ರ ಎದೆಗುಂದದೆ ಫೋಟೋ ತೆಗೆದು, ತಮಗೆ ಕಳುಹಿಸಿಯೂ ಬಿಟ್ಟ.

ತಾವು ಆ ಫೋಟೋ ನೋಡಿದಿರಿ. ಬಿಳಿಯ ಓಣಿ, ಬಿಳಿಯ ಛಾವಣಿ, ಬಿಳಿಯ ಮಾವ. ತಮ್ಮ ಅಪಾರ ಬುದ್ಧಿಯನ್ನು ಬಳಸಿ ನಮ್ಮನ್ನು ‘ಹಿಮದ ಆಟದ ತಾಣ’ ಎಂದು ಘೋಷಿಸಿದಿರಿ. ಹಾಸಿಗೆ ಎಂದು ಹುಡುಕಿದರೆ ಇಲ್ಲದವರಾಗಿದ್ದ ನಾವು ಹಿಮ ಎಂದು ಹುಡುಕಿದರೆ ಇಡೀ ಊರಿಗೇ ಮೊದಲಿಗರಾದೆವು. ಎರಡನೆಯವರು ಯಾರೂ ಇರಲಿಲ್ಲವೆಂಬುದು ಬೇರೆ ಮಾತು.

ಮರುದಿನವೇ ಉಣ್ಣೆಯ ಟೋಪಿ, ಕೈಗವಸು ಹಾಕಿಸಿದ ಮಕ್ಕಳನ್ನು ಕಟ್ಟಿಕೊಂಡು ಒಂದು ಕುಟುಂಬ ಬಂತು. ನನಗೆ ನಾಚಿಕೆಯಾಗಿ, ಕೂಡಲೇ ಕೂತು ತಮಗೆ ದೂರು ಬರೆದೆ, ನಮ್ಮಲ್ಲಿ ಹಿಮವಿಲ್ಲ, ದಯವಿಟ್ಟು ಸರಿಪಡಿಸಿ ಎಂದು. ತಾವು ಉತ್ತರಿಸಲಿಲ್ಲ. ಅಷ್ಟರಲ್ಲಿ ಮಾವ ಬಾಗಿಲು ತೆರೆದು, “ಹಿಮ ಇಲ್ಲ, ಹತ್ತಿ ಇದೆ. ಬಂದಿದ್ದೀರಲ್ಲ, ನೋಡ್ಕೊಂಡು ಹೋಗಿ” ಎಂದು ಒಳಗೆ ಕರೆದಿದ್ದರು. ಮಕ್ಕಳು ಹತ್ತಿಯ ರಾಶಿಗೆ ಬಿದ್ದು ಮೇಲೇಳಲಿಲ್ಲ. ಅವರ ತಾಯಿ ಒಂದು ದಿಂಬನ್ನು ಒತ್ತಿ ನೋಡಿದರು, ಇನ್ನೊಂದನ್ನು ಕೆನ್ನೆಗಿಟ್ಟು ನೋಡಿದರು, ಎರಡನ್ನೂ ಕೊಂಡರು. ಆ ಮೇಲೆ ದಿನವೂ ಬಾಗಿಲು ತಟ್ಟುವ ಸದ್ದು. ಯಾರೋ ತಮ್ಮಲ್ಲಿ ‘ಹಿಮ ತಣ್ಣಗಿಲ್ಲ, ಆದರೆ ತಾತ ಒಳ್ಳೆಯವರು’ ಎಂದು ಬರೆದು ನಾಲ್ಕು ನಕ್ಷತ್ರ ಕೊಟ್ಟರು. ಅದನ್ನು ಮಾವ ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡರು. ಹಿಮ ನೋಡಲು ಬಂದವರು ಹಾಸಿಗೆ ಹಿಂಜಿಸಲು ಕೊಟ್ಟು ಹೋಗತೊಡಗಿದರು. ನನಗೆ ತಮ್ಮ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಆಗ, ಮಾನ್ಯರೇ, ಸರಿಯಾಗಿ ಆಗ, ತಾವು ನನ್ನ ಹಳೆಯ ದೂರನ್ನು ಓದಿದಿರಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ‘ತಮ್ಮ ಸಲಹೆಗೆ ಧನ್ಯವಾದ’ ಎಂದು ಹೇಳಿ ಹಿಮವನ್ನು ಅಳಿಸಿದಿರಿ. ಅಳಿಸಿದ ಜಾಗದಲ್ಲಿ ಹಳೆಯ ಕೆಂಪು ಅಕ್ಷರ ಮತ್ತೆ ಎದ್ದು ನಿಂತಿತು, ಶಾಶ್ವತವಾಗಿ ಮುಚ್ಚಲಾಗಿದೆ. ಬಾಗಿಲು ತಟ್ಟುವ ಸದ್ದೂ ಮತ್ತೆ ನಿಂತುಹೋಯಿತು. ನಾವು ಬದುಕಿದ್ದೇವೆ ಎಂದಿದ್ದಕ್ಕೆ ಪುರಾವೆ ಕೇಳಿದಿರಿ. ಮಾಲೀಕರು ಬೀದಿಯಿಂದ ನಡೆದು ಬಂದು, ಬೋರ್ಡು ತೋರಿಸಿ, ತಮ್ಮ ಕೈಯಾರೆ ಬೀಗ ತೆಗೆಯುವ ವಿಡಿಯೋ ಬೇಕೆಂದಿರಿ. ನಮ್ಮ ಮನೆ ಅಂಗಡಿಯ ಹಿಂಭಾಗದಲ್ಲೇ ಇರುವುದರಿಂದ ಆ ಬಾಗಿಲಿಗೆ ಹೊರಗಿನ ಬೀಗವೇ ಇಲ್ಲ, ಇರುವುದು ಒಳಗಿನ ಚಿಲಕ. ಇರಲಿ, ತಮಗಾಗಿ ಹೊಸ ಬೀಗ ಕೊಂಡೆವು, ಕೊಂಡಿ ಬಡಿಸಿದೆವು. ಮಾವನಿಗೆ, ನೀವು ಒಳಗೆ ಸುಮ್ಮನೆ ಕೂತಿರಿ, ನಾನೇ ಹೊರಗಿನಿಂದ ಬೀಗ ತೆಗೆಯುತ್ತೇನೆ ಎಂದು ಹೇಳಿ, ತಜ್ಞನ ಕ್ಯಾಮೆರಾದ ಮುಂದೆ ಗಂಭೀರವಾಗಿ ನಡೆದು ಬಂದೆ. ಕೀಲಿ ತಿರುಗಿಸುವಾಗ ಬಾಗಿಲು ತುಸು ಅಲ್ಲಾಡಿತು. ಅಷ್ಟೇ, ಒಳಗಿನಿಂದ “ನಿಲ್ಸೋ, ಯಾರೋ ಬಂದ್ರು” ಎಂಬ ಕೂಗು ಕೇಳಿತು. ನಾನು ಬೀಗ ಕಳಚಿ ಬಾಗಿಲಿಗೆ ಕೈಯಿಡುವ ಮೊದಲೇ ಮಾವ ಒಳಗಿನಿಂದ ಬಾಗಿಲು ತೆರೆದು, ನಗುತ್ತಾ “ಬನ್ನಿ ಬನ್ನಿ” ಎಂದರು. ನನ್ನನ್ನು ನೋಡಿ ಅವರ ಮುಖ ಬಾಡಿದ್ದನ್ನು ತಾವು ವಿಡಿಯೋದಲ್ಲಿ ನೋಡಿರಬಹುದು. ‘ಬಾಗಿಲನ್ನು ಬೇರೆ ವ್ಯಕ್ತಿ ತೆರೆದಿರುವುದರಿಂದ ಮಾಲೀಕತ್ವ ಸಾಬೀತಾಗಿಲ್ಲ’ ಎಂದು ತಾವು ಬರೆದಿರಿ. ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಬಾಡಿದ ಆ ಮುಖಕ್ಕಾಗಿ, ಮಾಲೀಕತ್ವಕ್ಕಾಗಿ ಅಲ್ಲ.

ಆದ್ದರಿಂದ ಈ ಪತ್ರದಲ್ಲಿ ನನ್ನ ಮನವಿಗಳು ಇವು. ದಯವಿಟ್ಟು ನಮಗೆ ಹಿಮವನ್ನು ಮರಳಿ ಕೊಡಿಸಬೇಕು. ಅದಾಗದಿದ್ದರೆ ಮರಳುಗಾಡು, ಸಮುದ್ರ, ಯಾವುದಾದರೂ ಆದೀತು, ಹೊಂದಿಕೊಂಡು ಹೋಗುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು ನಾವು; ಕೈಲಿ ಹಾಸಿಗೆ ಮಾಡುವವರೇ ಆದ್ದರಿಂದ ಅಗತ್ಯ ಬಿದ್ದರೆ ಹಾಸಿಗೆಯನ್ನೇ ಉದ್ದ ಮಾಡಿಕೊಳ್ಳುತ್ತೇವೆ. ಅದೂ ಆಗದಿದ್ದರೆ, ತಮಗೆ ಕೈಯಿಲ್ಲವೆಂದು ಗೊತ್ತಿದ್ದೂ ಕೇಳುತ್ತೇನೆ, ತಾವೇ ಒಮ್ಮೆ ಬಂದು ನಮ್ಮ ಬಾಗಿಲು ತಟ್ಟಬೇಕು. ಒಂದೇ ಸಲ ಸಾಕು. ಯಾಕೆಂದರೆ ಚಳಿ ಮುಗಿಯುತ್ತ ಬಂದಿದೆ, ಇವತ್ತು ಸಂಜೆ ಫೋಮ್ ಸಾಹುಕಾರರು ಬಾಡಿಗೆ ಪತ್ರ ತರುವವರಿದ್ದಾರೆ.

ಇಷ್ಟು ಬರೆಯುವಾಗ ಬಾಗಿಲು ತಟ್ಟಿದ ಸದ್ದಾಯಿತು. ಸಂಜೆ ಬರಬೇಕಿದ್ದ ಸಾಹುಕಾರರು ಮಧ್ಯಾಹ್ನವೇ, ಕಣ್ಣು ಮಾತ್ರ ಕಾಣುವಂತೆ ಮಫ್ಲರ್ ಸುತ್ತಿಕೊಂಡು, ಅತ್ತಿತ್ತ ನೋಡುತ್ತಾ ಒಳಗೆ ಬಂದರು. ಬಾಡಿಗೆ ಪತ್ರ ಜೇಬಿನಲ್ಲಿ ಇತ್ತು, ಆದರೆ ಅವರು ತೆಗೆಯಲಿಲ್ಲ. ಮಾವನ ಪಕ್ಕ ಕೂತು, ಬಹಳ ಸಣ್ಣ ದನಿಯಲ್ಲಿ, “ಸೊಂಟ ಹಿಡ್ಕೊಂಡುಬಿಟ್ಟಿದೆ ಯಜಮಾನ್ರೇ, ಫೋಮ್ ಮೇಲೆ ಹೊರಳಾಡಿ ಹೊರಳಾಡಿ ನಿದ್ದೆ ಅನ್ನೋದನ್ನೇ ಮರ್ತೆ. ಗಟ್ಟಿಯಾಗಿ ಒಂದು ಹತ್ತಿ ಹಾಸಿಗೆ ಮಾಡ್ಕೊಡಿ. ನನ್ನ ಗಿರಾಕಿಗಳು ನೋಡಿದ್ರೆ ಮರ್ಯಾದೆ ಹೋಗತ್ತೆ. ಫೋನಲ್ಲಿ ಇದು ಮುಚ್ಚಿದೆ ಅಂತ ತೋರಿಸ್ತು, ಸದ್ಯ, ಇಲ್ಲಿ ಯಾರೂ ಬರಲ್ಲ ಅಂತ ಧೈರ್ಯವಾಗಿ ಬಂದೆ” ಎಂದರು. ಮಾವ “ಇಲ್ಲಿ ಗೋದಾಮು ಆದ್ರೆ ಹೊಲಿದುಕೊಡೋರು ಯಾರು?” ಎಂದಷ್ಟೇ ಕೇಳಿದರು. ಸಾಹುಕಾರರು ಜೇಬಿನಿಂದ ಬಾಡಿಗೆ ಪತ್ರ ತೆಗೆದು ಮಾವನ ಕೈಗಿಟ್ಟರು. ಮಾವ ಅದರ ಹಿಂಬದಿಯಲ್ಲಿ ಅವರ ಉದ್ದಗಲ ಬರೆದುಕೊಂಡರು.

ಅಳತೆಗೆಂದು ಅವರನ್ನು ಒಂದು ಹಾಸಿಗೆಯ ಮೇಲೆ ಮಲಗಿಸಿದ್ದೇ ತಪ್ಪಾಯಿತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದನ್ನು ಕೇಳಿದ್ದೆ, ಇವತ್ತು ಕಂಡೆ. ಪಕ್ಕದಲ್ಲೇ ಯಂತ್ರ ಗಡಗಡಿಸುತ್ತಿದೆ, ಹತ್ತಿ ಬಂದು ಮಫ್ಲರಿನ ಮೇಲೆ ಕೂರುತ್ತಿದೆ. ಸುಖನಿದ್ರೆಗೆ ತಾವು ಊರಿಗೆಲ್ಲ ಮೊದಲು ತೋರಿಸುವ ಮನುಷ್ಯ, ತಾವು ಶಾಶ್ವತವಾಗಿ ಮುಚ್ಚಿಸಿದ ಅಂಗಡಿಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಎಬ್ಬಿಸಬೇಡ ಎಂದು ಮಾವ ಕಣ್ಣಲ್ಲೇ ಹೇಳಿ, ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಾರೆ. ನಿದ್ದೆ ಹತ್ತುವ ಮೊದಲು ಸಾಹುಕಾರರೇ ಹೇಳಿದ್ದು, ಅವರ ಕಸುಬಿನವರೇ ಆದ ಇನ್ನಿಬ್ಬರಿಗೂ ಸೊಂಟನೋವಂತೆ, ಅವರೂ ಯಾರ ಕಣ್ಣಿಗೂ ಬೀಳದ ಜಾಗವನ್ನೇ ಹುಡುಕುತ್ತಿದ್ದಾರಂತೆ. ಹೀಗಾಗಿ ಮೇಲಿನ ಮನವಿಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ದಯವಿಟ್ಟು ನಮ್ಮನ್ನು ಹೀಗೆಯೇ ಮುಚ್ಚಿಟ್ಟಿರಿ.

ತಾವು ಇಲ್ಲವೆಂದ ಅಂಗಡಿಯಲ್ಲಿ ಇದ್ದೇ ಇರುವ
ತಮ್ಮ ವಿಶ್ವಾಸಿ,
ಹಾಸಿಗೆ ಅಂಗಡಿಯ ಸೊಸೆ

ತಾ.ಕ.: ಈ ಪತ್ರವನ್ನು ಖುದ್ದಾಗಿ ತಲುಪಿಸೋಣವೆಂದು, ಊರ ಹೊರಗಿನ ತಮ್ಮ ಕಚೇರಿಗೆ ಬಂದಿದ್ದೆ. ಗಾಜಿನ ದೊಡ್ಡ ಬಾಗಿಲು ಮುಚ್ಚಿತ್ತು. ಒಳಗಿನ ತಂಪು ಹೊರಗೆ ಹೋಗಬಾರದೆಂದು ಸದಾ ಮುಚ್ಚಿಯೇ ಇರುತ್ತದೆ ಎಂದು ಕಾವಲಿನವರು ಹೇಳಿದರು. ನಮ್ಮ ಹತ್ತಿಯ ಹಾಗೆಯೇ ಅನ್ನಿ. ನಾನು ತಮ್ಮ ಪದ್ಧತಿಯನ್ನೇ ಗೌರವದಿಂದ ಪಾಲಿಸಿ, ಬಾಗಿಲು ತಟ್ಟದೆ, ಒಂದು ಫೋಟೋ ತೆಗೆದು ತಮಗೆ ಕಳುಹಿಸಿದ್ದೇನೆ. ತಮ್ಮ ಹೆಸರಿನ ಕೆಳಗೆ ಕೆಂಪು ಅಕ್ಷರ ಬಂದದ್ದನ್ನು ಮೈದುನ ಈಗಷ್ಟೇ ತೋರಿಸಿದ. ಧೈರ್ಯ ತಂದುಕೊಳ್ಳಿ. ಬದುಕಿದ್ದೀರೆಂದು ಸಾಬೀತುಪಡಿಸಲು ಬೀಗ ತೆಗೆಯುವ ವಿಡಿಯೋ ಸಾಕಂತೆ. ನಮ್ಮ ಬೀಗ ಹೊಸದಾಗಿಯೇ ಇದೆ, ಬೇಕಿದ್ದರೆ ಒಯ್ಯಬಹುದು. ಬಂದಾಗ ಮಾತ್ರ ಬಾಗಿಲು ತಟ್ಟಿ.